ತುಂಬಿದ ಗೆರಸೆ

ಮಾರ್ಚ್ ತಿಂಗಳು ಬಂತೆಂದರೆ ನನಗೆ ಎಲ್ಲಿಲ್ಲದ ಬೇಡಿಕೆ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕುಗಳ ಯಾವುದಾದರೂ ಪಂಚಾಯತಿನಿಂದ ಫೋನು ಬರುತ್ತದೆ. ಮಹಿಳಾ ದಿನಾಚರಣೆ ಉಂಟು, ನೀವು ಬಂದು ನಾಲ್ಕು ಮಾತು ಹೇಳಬೇಕು ಎನ್ನುತ್ತಾರೆ. ಹೋಗುತ್ತಿದ್ದೆ. ಒಂದು ಶಾಲು, ಒಂದು ಹೂವಿನ ಗಿಡ, ಮಧ್ಯಾಹ್ನದ ಊಟ. ಬೀಡಿ ಕಟ್ಟುತ್ತಿದ್ದವಳು ಅಂಚೆಯಲ್ಲಿ ಪಾಠ ತರಿಸಿಕೊಂಡು ಪದವಿ ಪಡೆದು ಪಂಚಾಯತಿನ ಗ್ರಂಥಾಲಯ ನೋಡಿಕೊಳ್ಳುವವಳಾದ ಕತೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಎಲ್ಲಿ ಚಪ್ಪಾಳೆ ಬೀಳುತ್ತದೆ ಎನ್ನುವುದು ನನಗೆ ಬಾಯಿಪಾಠ. ಆ ಕತೆಯಲ್ಲಿ ಸುಳ್ಳಿಲ್ಲ. ಪ್ರತಿ ಸಲವೂ ಅದನ್ನು ಒಂದೇ ಕಡೆ ನಿಲ್ಲಿಸಿ ಕೆಳಗಿಳಿಯುತ್ತಿದ್ದೆ, ಅಷ್ಟೆ. ಕಳೆದ ವರ್ಷದಿಂದ ಹೋಗುವುದನ್ನು ಬಿಟ್ಟಿದ್ದೇನೆ. ಯಾರಾದರೂ ಕರೆದರೆ ಸೊಂಟನೋವು ಎನ್ನುತ್ತೇನೆ. ನಿಲ್ಲಿಸುತ್ತಿದ್ದ ಜಾಗದಿಂದ ಮುಂದಿನದನ್ನು ಇಲ್ಲಿ ಬರೆಯುತ್ತೇನೆ, ಇಲ್ಲಿ ಚಪ್ಪಾಳೆಯ ಭಯವಿಲ್ಲ.

ಕುಂಬ್ರದ ಪೇಟೆಯಿಂದ ಒಳಗೆ ಹೋಗುವ ಮಣ್ಣಿನ ದಾರಿಯಲ್ಲಿ ನನ್ನ ಮನೆ. ಅಲ್ಲಿಂದ ನಾಲ್ಕನೆಯದು ಅಕ್ಕನ ಮನೆ. ಅಕ್ಕ ನನ್ನ ಒಡಹುಟ್ಟಿದವಳೇನಲ್ಲ. ಬ್ಯಾರಿ ಮಾತಾಡುವ ಮುಸ್ಲಿಂ ಮನೆಯ ಸೊಸೆ, ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಅವಳ ಗಂಡ ಗಲ್ಫಿನಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಮೊಣಕಾಲು ನೋವಿನ ಅತ್ತೆ, ಒಬ್ಬಳೇ ಮಗಳು. ಆ ಮನೆಯ ಜಗಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಒಳ್ಳೆಯ ಬೆಳಕು ಇರುತ್ತಿತ್ತು. ನಾವು ನಾಲ್ವರು ಅಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆವು. ಅಕ್ಕ, ನಾನು, ಸಂಪಾಜೆಯಿಂದ ಮದುವೆಯಾಗಿ ನಮ್ಮ ದಾರಿಗೆ ಬಂದ ಅರೆಭಾಷೆ ಮಾತಾಡುವ ಹೆಂಗಸು, ಮತ್ತು ಊರಿಗೆಲ್ಲ ದೊಡ್ಡಮ್ಮನಾಗಿದ್ದ ಒಬ್ಬ ವಿಧವೆ. ಮಡಿಲಲ್ಲಿ ಗೆರಸೆ, ಬಿದಿರಿನ ಮೊರ. ಅದರಲ್ಲಿ ಅಳತೆಗೆ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ, ನೂಲಿನ ಉಂಡೆ. ಎಲೆಗೆ ಹುಡಿ ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ, ಬುಡಕ್ಕೆ ನೂಲು ಬಿಗಿದರೆ ಒಂದು ಬೀಡಿ. ಸಂಜೆಗೆ ಅದನ್ನೆಲ್ಲ ಕಟ್ಟುಕಟ್ಟಾಗಿ ಮಾಡಿ ಪೇಟೆಯಲ್ಲಿದ್ದ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ಯಬೇಕು. ಅಲ್ಲಿನ ಚೆಕ್ಕರ್ ಒಂದೊಂದನ್ನೂ ತಿರುಗಿಸಿ ನೋಡಿ, ಬೇಡವಾದದ್ದನ್ನು ಮುರಿದು ಬುಟ್ಟಿಗೆ ಎಸೆಯುತ್ತಿದ್ದ. ಅವನು ಮುರಿಯುವಾಗಿನ ಆ ಸಣ್ಣ ಸದ್ದು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮ ಜಗಲಿಗೆ ಒಂದು ಕ್ರಮವಿತ್ತು. ಯಾರಿಗಾದರೂ ಕೂರಲು ಆಗದಿದ್ದರೆ ಉಳಿದ ಮೂವರು ಮೊದಲು ಅವಳ ಗೆರಸೆ ತುಂಬಿಸಬೇಕು, ಆಮೇಲೆ ತಮ್ಮದು. ಮನೆಯವರಿಗೆ, ಬ್ರಾಂಚಿನವರಿಗೆ, ಯಾರಿಗೂ ಹೇಳುವ ಹಾಗಿಲ್ಲ. ಯಾಕೆಂದರೆ ಒಬ್ಬಳ ಕೆಲಸ ನಿಂತಿತೆಂದು ಮನೆಯಲ್ಲಿ ಗೊತ್ತಾದರೆ ಅದು ಹೋಗಿ ಬೀಳುವುದು ಶಾಲೆಗೆ ಹೋಗುವ ಹೆಣ್ಣುಮಗುವಿನ ಮೇಲೆ. ನಾವು ನಾಲ್ವರೂ ಹಾಗೆ ಶಾಲೆ ಬಿಟ್ಟವರೇ. ಸಂಪಾಜೆಯವಳು ಹೆತ್ತಾಗ ಮೂರು ತಿಂಗಳು ಅವಳ ಗೆರಸೆ ಖಾಲಿಯಾಗಲಿಲ್ಲ. ದೊಡ್ಡಮ್ಮನ ಕಣ್ಣಿನ ಆಪರೇಶನ್ ಆದದ್ದು ಚೆಕ್ಕರನಿಗೆ ಇವತ್ತಿಗೂ ತಿಳಿದಿರಲಿಕ್ಕಿಲ್ಲ.

ಹೆಚ್ಚು ಉಪಕಾರ ಪಡೆದವಳು ನಾನು. ನನಗೆ ಓದುವ ಹುಚ್ಚಿತ್ತು, ಗಟ್ಟಿಯಾಗಿ ಓದುವ ದನಿಯೂ ಇತ್ತು. ನೀನು ಓದು, ನಾವು ಕಟ್ಟುತ್ತೇವೆ ಎಂದು ಅಕ್ಕನೇ ಶುರು ಮಾಡಿಸಿದ್ದು. ಪೇಪರು, ಕಾದಂಬರಿ, ಕೊನೆಗೆ ನನ್ನ ಪದವಿಯ ಪಾಠವನ್ನೂ ಆ ಮೂವರೂ ಕೇಳಿದ್ದಾರೆ. ಇತಿಹಾಸದ ರಾಜರನ್ನು ದೊಡ್ಡಮ್ಮ ನೆಂಟರ ಹಾಗೆ ಬೈಯುತ್ತಿದ್ದಳು. ಪರೀಕ್ಷೆಯ ತಿಂಗಳಲ್ಲಿ ನಾನು ಒಂದು ಎಲೆಯನ್ನೂ ಮುಟ್ಟಲಿಲ್ಲ. ಅಕ್ಕ ನನ್ನನ್ನು ಟೀಚರ್ ಎಂದು ತಮಾಷೆ ಮಾಡುತ್ತಿದ್ದಳು, ಅವಳ ಮಗಳು ಟೀಚರಕ್ಕ ಎನ್ನುತ್ತಿದ್ದಳು. ನಾನು ಪಾಸಾದ ದಿನ ಅಕ್ಕ ಪತ್ತಿರಿ, ಅವರ ಮನೆಯ ತೆಳ್ಳಗಿನ ಅಕ್ಕಿರೊಟ್ಟಿ, ಮಾಡಿ ಜಗಲಿಯಲ್ಲೇ ಎಲ್ಲರಿಗೂ ಬಡಿಸಿದಳು. ಗ್ರಂಥಾಲಯದ ಕೆಲಸ ಸಿಕ್ಕಿದ ಮೇಲೂ ಬಿಡುವಾದಾಗಲೆಲ್ಲ ಹೋಗಿ ಅಲ್ಲಿ ಕೂರುತ್ತಿದ್ದೆ.

ಸಭೆಗಳಲ್ಲಿ ನಾನು ಕತೆ ನಿಲ್ಲಿಸುತ್ತಿದ್ದುದು ಇಲ್ಲಿ.

ಮಗಳು ಸುಳ್ಯದ ಕಾಲೇಜಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಳು, ಹಾಸ್ಟೆಲಿನಲ್ಲಿದ್ದು ಆದಿತ್ಯವಾರ ಮಾತ್ರ ಮನೆಗೆ ಬರುತ್ತಿದ್ದಳು. ಆ ವರ್ಷ ಆಟಿ ತಿಂಗಳಲ್ಲಿ, ಜುಲೈ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ, ಉಳಿದಿಬ್ಬರು ಬರುವ ಮೊದಲೇ ನಾನು ಜಗಲಿಗೆ ಹೋಗಿದ್ದೆ. ಅಕ್ಕ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲಿಟ್ಟಳು.

"ಇಲ್ಲಿ ಮುಟ್ಟಿ ನೋಡು ಟೀಚರ್. ಎಂತ ಗೊತ್ತಾಗ್ತದೆ?"

ಸುಲಿದ ಅಡಿಕೆಯಷ್ಟು ಗಾತ್ರದ ಗಂಟು. ಒತ್ತಿದರೆ ಸರಿಯುತ್ತಿರಲಿಲ್ಲ. ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ನಾನು ಯಾವತ್ತೂ ಹೇಳಿಕೊಳ್ಳುವ ಹಾಗಿಲ್ಲ. ಅದೇ ವಾರ ಆರೋಗ್ಯ ಇಲಾಖೆಯ ಒಂದು ಚಿತ್ರದ ಹಾಳೆ ಗ್ರಂಥಾಲಯಕ್ಕೆ ಬಂದಿತ್ತು. ಎದೆಯಲ್ಲಿ ಗಂಟು ಕಂಡರೆ ತಡ ಮಾಡಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದನ್ನು ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ಬೋರ್ಡಿನ ಮೇಲೆ ಹಾಕಿದವಳು ನಾನೇ.

ಇವತ್ತೇ ಪುತ್ತೂರಿಗೆ ಹೋಗೋಣ ಎಂದೆ. ಅಕ್ಕ ಆಗುವುದಿಲ್ಲ ಎಂದಳು. ಮಗಳ ಪರೀಕ್ಷೆ ಮುಗಿಯಲಿ, ಆಮೇಲೆ ನೀನು ಹೇಳಿದ ಆಸ್ಪತ್ರೆಗೆ ಬರುತ್ತೇನೆ ಎಂದಳು. ಅವಳಿಗೆ ಹೆದರಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಅವಳಿಗೆ ಮುಚ್ಚಿಡಲಾಗದಷ್ಟು ಅರಸಿನ ಕಾಮಾಲೆಯಾದಾಗ ಮಗಳು ಮೂರು ವಾರ ಮನೆಯಲ್ಲೇ ಉಳಿದು, ಅಡುಗೆ ಮಾಡಿ, ಬೀಡಿಯನ್ನೂ ಕಟ್ಟಿ, ಒಂದು ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಈ ಸಲ ಹಾಗಾದರೆ ಹುಡುಗಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ, ಅತ್ತೆ ಹತ್ತಲು ಬಿಡುವುದಿಲ್ಲ, ಗಂಡ ಫೋನಿನಲ್ಲೇ ಮದುವೆ ಗೊತ್ತು ಮಾಡಿಬಿಡುತ್ತಾರೆ ಎನ್ನುವುದು ಅಕ್ಕನ ಲೆಕ್ಕ. ಆ ಲೆಕ್ಕ ಸರಿಯೋ ತಪ್ಪೋ ಎಂದು ನಾವು ಯಾರೂ ವಿಚಾರಿಸಲಿಲ್ಲ. ಗಂಡಸರ ಬಗ್ಗೆ, ಅತ್ತೆಯಂದಿರ ಬಗ್ಗೆ ನಮ್ಮ ಜಗಲಿಗೆ ಎಲ್ಲ ಗೊತ್ತಿತ್ತು.

ನಾನು ಸುಮ್ಮನಿರಲಿಲ್ಲ. ಎರಡು ಸಲ ಹೇಳಿದೆ. ಮೂರನೆಯ ಸಲ ಅವಳ ಗಂಡನಿಗೆ ಫೋನು ಮಾಡುತ್ತೇನೆ ಎಂದಾಗ ಅಕ್ಕ ಕತ್ತರಿ ಕೆಳಗಿಟ್ಟಳು.

"ನಿನ್ನ ಪರೀಕ್ಷೆಗೆ ನಾನು ಎಂತ ಕೇಳಿದ್ದೆ? ಬಾಯಿ ಮುಚ್ಚಿ ಕಟ್ಟಿದ್ದಲ್ವಾ? ಈಗ ನನ್ನ ಮಗಳ ಪರೀಕ್ಷೆ. ನೀನೂ ಬಾಯಿ ಮುಚ್ಚಿ ಕಟ್ಟು."

ಕಟ್ಟಿದೆ. ಸಂಪಾಜೆಯವಳಿಗೆ, ದೊಡ್ಡಮ್ಮನಿಗೆ ಅಕ್ಕನೇ ಹೇಳಿದಳು, ಎಡತೋಳು ನೋಯುತ್ತದೆ, ದಿನದ ಲೆಕ್ಕ ಮುಟ್ಟುವುದಿಲ್ಲ ಎಂದೂ ಹೇಳಿದಳು. ದೊಡ್ಡಮ್ಮ ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು, ಅಕ್ಕನ ಗೆರಸೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕ್ರಮ ಹಾಗೆಯೇ ಇತ್ತಲ್ಲ.

ಮೊದಲ ವಾರವೇ ಸಿಕ್ಕಿಬಿದ್ದೆವು. ಬೀಡಿ ಕಟ್ಟುವವರ ಕೈ ಒಬ್ಬರದಿದ್ದ ಹಾಗೆ ಇನ್ನೊಬ್ಬರದಿರುವುದಿಲ್ಲ. ನಾನು ನೂಲನ್ನು ಮೇಲಕ್ಕೆ ಕಟ್ಟುತ್ತೇನೆ, ಬಾಯಿಯ ಮಡಿಕೆ ದಪ್ಪ. ಆದರೆ ನಮ್ಮ ಮೂವರ ವ್ಯತ್ಯಾಸ ಚೆಕ್ಕರನಿಗೆ ಕಾಣುವಷ್ಟಿರಲಿಲ್ಲ, ಅಕ್ಕನದು ಮಾತ್ರ ಬೇರೆಯೇ, ಸಣ್ಣ ಸೊಂಟದ ಬೀಡಿ. ನೂಲು ಬುಡದ ಹತ್ತಿರ, ಎಲ್ಲರಿಗಿಂತ ಒಂದು ಸುತ್ತು ಕಡಿಮೆ, ಆದರೂ ಎಳೆದರೆ ಜಾರುತ್ತಿರಲಿಲ್ಲ. ಚೆಕ್ಕರ್ ಅವಳ ಕಟ್ಟು ಬಿಚ್ಚಿ ನೋಡಿ, ಇದು ನಿನ್ನ ಕೈಯಲ್ಲವಲ್ಲ, ಹುಷಾರಿಲ್ಲವಾ ಎಂದು ಕೇಳಿದನಂತೆ. ಅಷ್ಟು ದಿನದಲ್ಲಿ ಅವಳ ಆರೋಗ್ಯ ಕೇಳಿದ ಒಬ್ಬನೇ ಗಂಡಸು ಅವನು. ಅವನ ಕಣ್ಣು ತಪ್ಪಿಸಬೇಕೆಂದು ನಾವು ಪಣ ತೊಟ್ಟೆವು.

ದೊಡ್ಡಮ್ಮ ನಮಗೆ ಪಾಠ ಮಾಡಿದಳು. ಅಕ್ಕನನ್ನು ಎದುರಿಗೆ ಕೂರಿಸಿ ನಿಧಾನಕ್ಕೆ ಕಟ್ಟಿಸುವುದು, ನಾವು ನೋಡುವುದು, ಕಟ್ಟಿದ್ದನ್ನು ಅವಳದರ ಪಕ್ಕ ಇಟ್ಟು ಬಿಚ್ಚುವುದು. ಸಂಪಾಜೆಯವಳಿಗೆ ಎರಡೇ ದಿನದಲ್ಲಿ ಬಂತು. ನನಗೆ ಎಂಟು ದಿನ ಹಿಡಿಯಿತು. ಒಂಬತ್ತನೆಯ ದಿನ ಅಕ್ಕ ನನ್ನ ಗೆರಸೆಯಿಂದ ಒಂದನ್ನು, ತನ್ನದರಿಂದ ಒಂದನ್ನು ತೆಗೆದು, ಕೈ ಬದಲಾಯಿಸಿ, ಯಾವುದು ಯಾರದ್ದು ಹೇಳು ಎಂದಳು. ನನಗೆ ಹೇಳಲಾಗಲಿಲ್ಲ. ಅವಳಿಗೂ ಆಗಲಿಲ್ಲ. ನಾವು ನಾಲ್ವರೂ ನಕ್ಕೆವು, ಅಕ್ಕ ನಕ್ಕು ನಕ್ಕು ಕೆಮ್ಮಿದಳು. ನನಗೆ ಆವತ್ತು ಎಷ್ಟು ಹೆಮ್ಮೆಯಾಗಿತ್ತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಪದವಿ ಪಾಸಾದಾಗಲೂ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ.

ಆಮೇಲೆ ಚೆಕ್ಕರ್ ಏನೂ ಕೇಳಲಿಲ್ಲ.

ಚಳಿಗಾಲದ ಹೊತ್ತಿಗೆ ಅಕ್ಕನ ಎಡಗೈ ಊದಿತು. ಎಲೆ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ತಲೆಯ ಶಾಲನ್ನು ಉದ್ದಕ್ಕೆ ಇಳಿಬಿಟ್ಟು ಕೈಯನ್ನು ಅದರೊಳಗೆ ಇಟ್ಟುಕೊಳ್ಳುತ್ತಿದ್ದಳು. ಅತ್ತೆ ಹಿಂದಿನ ಕೋಣೆಯಿಂದ ಜಗಲಿಗೆ ಬರುವುದು ಅಪರೂಪ. ಬಂದರೆ ನಾವು ಮಾತು ಜೋರು ಮಾಡುತ್ತಿದ್ದೆವು. ಶನಿವಾರ ಎಲೆಯನ್ನೆಲ್ಲ ನನ್ನ ಮನೆಯಲ್ಲಿ ಕತ್ತರಿಸಿ, ಕಟ್ಟಿ, ಆದಿತ್ಯವಾರ ಸುಳ್ಯದ ಬಸ್ಸು ಬರುವ ಮೊದಲೇ ತಂದು ಅಕ್ಕನ ಗೆರಸೆಗೆ ಸುರಿಯುತ್ತಿದ್ದೆವು. ಮಗಳು ದಾರಿಯಲ್ಲಿ ಬರುವುದು ಕಂಡಾಗ ಅಕ್ಕ ಗೆರಸೆಯನ್ನು ಮಡಿಲಿಗಿಟ್ಟು, ಬಲಗೈಯಲ್ಲಿ ಒಂದು ಎಲೆ ಹಿಡಿದುಕೊಳ್ಳುತ್ತಿದ್ದಳು. ಹುಡುಗಿ ಮೆಟ್ಟಿಲು ಹತ್ತುತ್ತಲೇ ಮೊದಲು ನೋಡುತ್ತಿದ್ದುದು ಗೆರಸೆಯನ್ನು. ಕಾಮಾಲೆಯ ವರ್ಷದಿಂದ ಅವಳಿಗೆ ಆ ಅಭ್ಯಾಸ. ಗೆರಸೆ ತುಂಬಿದ್ದರೆ ಅವಳ ಮುಖ ಸಡಿಲವಾಗುತ್ತಿತ್ತು. ಚಪ್ಪಲಿ ಬಿಟ್ಟು, ಉಮ್ಮ ಹಸಿವಾಗ್ತದೆ ಎಂದು ಒಳಗೆ ಹೋಗುತ್ತಿದ್ದಳು. ನಾನು ಅದನ್ನು ಪ್ರತಿ ಆದಿತ್ಯವಾರ ಕಣ್ಣಾರೆ ನೋಡಿದ್ದೇನೆ. ನೋಡಿ ಸಮಾಧಾನ ಪಟ್ಟಿದ್ದೇನೆ.

ಕೊನೆಯ ಪರೀಕ್ಷೆ ಬರೆದು ಬಂದ ಸಂಜೆ ಅಕ್ಕ ಮಗಳಿಗೆ, ನನಗೆ ಸ್ವಲ್ಪ ಹುಷಾರಿಲ್ಲ, ನಾಳೆ ಡಾಕ್ಟರಲ್ಲಿಗೆ ಹೋಗುವ ಎಂದಳು. ಅಷ್ಟೇ ಹೇಳಿದ್ದು. ಪುತ್ತೂರಿನಿಂದ ಮಂಗಳೂರಿಗೆ ಕಳಿಸಿದರು. ನಾನೂ ಜೊತೆಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಷ್ಟು ಸಮಯದಿಂದ ಹೀಗೆ ಎಂದು ಕೇಳಿದರು. ಅಕ್ಕ ಶಾಲನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಮಗಳು ಮುಂದೆ ಬಂದು, ಇಲ್ಲ ಡಾಕ್ಟ್ರೆ, ಕಳೆದ ವಾರದವರೆಗೂ ಉಮ್ಮ ಚೆನ್ನಾಗಿದ್ದರು, ದಿನಾ ಬೀಡಿ ಕಟ್ಟುತ್ತಿದ್ದರು, ನಾನೇ ನೋಡಿದ್ದೇನೆ ಎಂದಳು. ಡಾಕ್ಟರು ಅಕ್ಕನ ಎಡಗೈಯನ್ನು ಶಾಲಿನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟರು.

"ಈ ಕೈಯಲ್ಲಿ ಆರು ತಿಂಗಳಿಂದ ಏನೂ ಕಟ್ಟಲಿಕ್ಕೆ ಸಾಧ್ಯ ಇಲ್ಲಮ್ಮ."

ಹುಡುಗಿ ಕೈಯನ್ನು ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನನ್ನ ಬೆರಳುಗಳನ್ನು ನೋಡಿದಳು, ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಕಂದು ಹಾಗೇ ಇತ್ತು. ನಾನು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಅಕ್ಕ ಎರಡೂವರೆ ತಿಂಗಳು ಬದುಕಿದಳು. ಗಂಡ ಸುದ್ದಿ ಸಿಕ್ಕಿದ ಮೂರನೆಯ ದಿನ ಬಂದರು, ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗಿದರು, ಕೊನೆಯವರೆಗೆ ಕದಲಲಿಲ್ಲ. ಒಂದು ದಿನ ಕಾರಿಡಾರಿನಲ್ಲಿ ನನ್ನನ್ನು ಕೇಳಿದರು, ಒಂದು ಮಾತು ಹೇಳಿದ್ದರೆ ಮರುದಿನವೇ ಬರುತ್ತಿದ್ದೆನಲ್ಲ, ನಾನು ಅಷ್ಟು ಕೆಟ್ಟವನೆಂದು ನಿಮಗೆ ಯಾರು ಹೇಳಿದ್ದು ಎಂದು. ಬೈದಿದ್ದರೆ ಸಹಿಸಬಹುದಿತ್ತು, ಅವರು ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದರು. ಅತ್ತೆ ಇನ್ನೂ ದೊಡ್ಡ ಪೆಟ್ಟು ಕೊಟ್ಟರು. ಮಣ್ಣು ಮಾಡಿದ ಮೇಲೆ ನಾವು ಮೂವರು ಹೋಗಿ ಅವರ ಮುಂದೆ ಕೂತಾಗ, ಮುದುಕಿ ತನ್ನ ಎರಡು ಕೈಯನ್ನೂ ನಮ್ಮ ಮುಂದೆ ಹಿಡಿದು, "ನನಗೆ ಕೈ ಇರಲಿಲ್ವಾ ಮಕ್ಳೇ? ಆ ಕೆಳಗಿನ ಗಂಟು ಅವಳಿಗೆ ಕಲಿಸಿದ್ದೇ ನಾನಲ್ವಾ?" ಎಂದರು. ಮೊಣಕಾಲು ಹೋಗಿತ್ತು, ಕೈ ಹೋಗಿರಲಿಲ್ಲ. ನಲವತ್ತು ವರ್ಷ ಬೀಡಿ ಕಟ್ಟಿದ ಕೈ ಹಿಂದಿನ ಕೋಣೆಯಲ್ಲಿ ಸುಮ್ಮನೆ ಕೂತಿತ್ತು, ನಾವು ಜಗಲಿಯಲ್ಲಿ ಅದೇ ಗಂಟನ್ನು ಕದ್ದು ಕಲಿಯುತ್ತಿದ್ದೆವು. ಅವರನ್ನು ಕೇಳಬಹುದೆಂದು ನಮಗೆ ಹೊಳೆಯಲೇ ಇಲ್ಲ. ಹೆಂಗಸರಿಗೆ ಹೆಂಗಸರೇ ಆಸರೆ ಎಂದು ನಾನು ಸಭೆಗಳಲ್ಲಿ ಹೇಳುತ್ತಿದ್ದೆ. ಆ ಮುದುಕಿಯನ್ನು ನಾವು ಹೆಂಗಸಿನ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಜಗಲಿ ಅಲ್ಲಿಗೆ ಮುಗಿಯಿತು. ಸಂಪಾಜೆಯವಳು ಈಗ ತನ್ನ ಮನೆಯಲ್ಲೇ ಒಬ್ಬಳೇ ಕೂತು ಕಟ್ಟುತ್ತಾಳೆ, ಎದುರು ಸಿಕ್ಕರೆ ಮಳೆ ಬಿಸಿಲಿನ ಮಾತಾಡುತ್ತಾಳೆ. ದೊಡ್ಡಮ್ಮ ಹೋಗಿ ಎರಡು ವರ್ಷವಾಯಿತು. ಕೊನೆಗಾಲದಲ್ಲಿ ಅವಳ ಗೆರಸೆ ತುಂಬಿಸಲು ನಾವಿಬ್ಬರೂ ಹೋಗಲಿಲ್ಲ. ಹೋಗಲು ಹೆದರಿಕೆಯಾಯಿತು, ನಮ್ಮ ಕೈಯ ಬಗ್ಗೆಯೇ. ಪುಣ್ಯಕ್ಕೆ ಅವಳ ತಮ್ಮನ ಮನೆಯವರು ಕರೆದುಕೊಂಡು ಹೋಗಿ ನೋಡಿಕೊಂಡರು.

ಇಷ್ಟೆಲ್ಲ ಆದ ಮೇಲೂ ನಾನು ಮಾರ್ಚ್ ತಿಂಗಳಲ್ಲಿ ಮೈಕಿನ ಮುಂದೆ ನಿಲ್ಲುತ್ತಿದ್ದೆ. ಎಂಥ ದಪ್ಪ ಚರ್ಮ ನೋಡಿ ನನ್ನದು. ಕಳೆದ ವರ್ಷ ಕಡಬದಲ್ಲಿ ಕರೆದಿದ್ದರು. ಹಾಲ್ ತುಂಬಿತ್ತು. ಪತ್ತಿರಿಯ ಕತೆ ಹೇಳಿ, ಚಪ್ಪಾಳೆಗೆ ನಿಂತಾಗ ಮೂರನೆಯ ಸಾಲಿನಲ್ಲಿ ಚಪ್ಪಾಳೆ ತಟ್ಟದ ಒಬ್ಬಳು ಕಂಡಳು. ಅಕ್ಕನ ಮಗಳು. ಕಡಬದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಳೆಂದು ಕೇಳಿದ್ದೆ, ತಾಯಿ ಹೋದ ಮೇಲೆ ಅವಳು ನನ್ನೊಡನೆ ಮಾತಾಡಿರಲಿಲ್ಲ. ಊಟದ ಹೊತ್ತಿಗೆ ಅವಳೇ ಹತ್ತಿರ ಬಂದಳು. ಕೈ ತೊಳೆಯುವ ನಳ್ಳಿಯ ಪಕ್ಕ ಜನ ಇರಲಿಲ್ಲ. ನನ್ನ ಹೆಗಲ ಮೇಲೆ ಅವರು ಹೊದಿಸಿದ ಶಾಲು ಹಾಗೇ ಇತ್ತು.

ನಾನು ಏನೇನೋ ಹೇಳಿದೆ. ನಿನಗೋಸ್ಕರ ಮಾಡಿದ್ದು, ಕಾಮಾಲೆಯ ಸಲ ನಿನ್ನನ್ನು ಮನೆಯಲ್ಲಿ ನಿಲ್ಲಿಸಿಕೊಂಡರಲ್ಲ, ಹಾಗೆ ಆಗಬಾರದೆಂದು ಎಂದೆಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಸಿಟ್ಟೂ ಮಾಡಲಿಲ್ಲ.

"ಆಗ ನನ್ನನ್ನು ಯಾರೂ ನಿಲ್ಲಿಸಿದ್ದಲ್ಲ ಟೀಚರಕ್ಕ. ಅಜ್ಜಿ ಹೋಗು ಹೋಗು ಅಂತ ಹೇಳ್ತಾ ಇದ್ದರು. ಉಮ್ಮನನ್ನು ಬಿಟ್ಟು ಹೋಗ್ಲಿಕ್ಕೆ ನನಗೇ ಮನಸ್ಸು ಬರ್ಲಿಲ್ಲ. ನನ್ನನ್ನು ಒಂದು ಮಾತು ಕೇಳಿದ್ರೆ ಗೊತ್ತಾಗ್ತಿತ್ತು."

ನಳ್ಳಿ ಸರಿಯಾಗಿ ಮುಚ್ಚದೆ ನೀರು ಹರಿಯುತ್ತಿತ್ತು. ಅವಳೇ ಅದನ್ನು ತಿರುಗಿಸಿದಳು. ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಮುಚ್ಚಳ ತೆರೆದಾಗ ಹೊಗೆಸೊಪ್ಪಿನ ವಾಸನೆ ಬಂತು. ಒಳಗೆ ಒಂದು ಕಟ್ಟು ಬೀಡಿ, ಎಲೆ ಒಣಗಿ ಬಣ್ಣ ಹೋಗಿತ್ತು. ಕೊನೆಯ ವರ್ಷದ ಶುರುವಿಗೆ ಒಂದು ಆದಿತ್ಯವಾರ ಉಮ್ಮನ ಗೆರಸೆಯಿಂದ ಕೇಳದೆ ಎತ್ತಿಕೊಂಡು ಹಾಸ್ಟೆಲಿಗೆ ಒಯ್ದಿದ್ದಳಂತೆ. ಉಮ್ಮನ ಕೈಯ ವಾಸನೆ ಅದು, ಬೇಜಾರಾದಾಗ ಮೂಗಿನ ಹತ್ತಿರ ಹಿಡಿಯುತ್ತಿದ್ದೆ ಎಂದಳು. ಯಾವ ತಿಂಗಳು ಎನ್ನುವುದು ಅವಳಿಗೆ ನೆನಪಿಲ್ಲ. ಆಟಿಗೆ ಮೊದಲೋ, ಆಮೇಲೆಯೋ. ಉಮ್ಮನದು ಅಂತ ಅವಳ ಹತ್ತಿರ ಬೇರೇನೂ ಇಷ್ಟು ಹತ್ತಿರದ್ದು ಇಲ್ಲವಂತೆ.

"ನೋಡಿ ಹೇಳಿ ಟೀಚರಕ್ಕ. ಇದು ಉಮ್ಮ ಕಟ್ಟಿದ್ದಾ, ನೀವು ಕಟ್ಟಿದ್ದಾ?"

ಕೈಗೆ ತೆಗೆದುಕೊಂಡೆ. ಸಣ್ಣ ಸೊಂಟ. ನೂಲು ಬುಡದ ಹತ್ತಿರ, ಒಂದು ಸುತ್ತು ಕಡಿಮೆ. ಬೆಳಕಿಗೆ ಹಿಡಿದೆ, ಬಾಯಿಯ ಮಡಿಕೆಯನ್ನು ಉಗುರಿನಿಂದ ಮುಟ್ಟಿದೆ, ಒಂದೊಂದನ್ನೂ ತಿರುಗಿಸಿದೆ. ಉಮ್ಮನದ್ದೇ ಮಗಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಡಬ್ಬಿ ಮುಚ್ಚಿ ನೆಮ್ಮದಿಯಿಂದ ಹೋಗುತ್ತಿದ್ದಳು. ಆ ಆದಿತ್ಯವಾರಗಳಂದು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳಲ್ಲ, ಹಾಗೆ.

"ನನಗೆ ಗೊತ್ತಾಗುದಿಲ್ಲ ಮಗಾ," ಎಂದೆ.

ಅವಳು ನನ್ನ ಕೈಯಿಂದ ಕಟ್ಟನ್ನು ತೆಗೆದುಕೊಂಡು, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ ಮುಚ್ಚಿದಳು. ಬ್ಯಾಗಿಗೆ ಹಾಕುವ ಮೊದಲು ಒಮ್ಮೆ ಅದನ್ನು ಮೂಗಿನ ಹತ್ತಿರ ತಂದಳು, ಮುಚ್ಚಳ ತೆರೆಯಲಿಲ್ಲ, ಹಾಗೇ ಕೆಳಗಿಳಿಸಿದಳು.